ಹಿಂದಿನ ಬೆಂಚಿಗೆ ಕೇಳಿಸಬೇಕು

ಮಾರ್ಚ್ 3, ಬೆಳಿಗ್ಗೆ

ಹಾಲು ಕಾಸಿದೆ. ಚಮಚವನ್ನು ಮಡಚಿದ ಬಟ್ಟೆಯ ಮೇಲೆ ಇಟ್ಟೆ, ಸದ್ದಾಗದಿರಲೆಂದು. ಆಮೇಲೆ ನೆನಪಾಯಿತು — ಸದ್ದಾದರೆ ಏಳುವವರು ಯಾರೂ ಇಲ್ಲ. ಅಮ್ಮ ಹೋಗಿ ನಾಲ್ಕು ತಿಂಗಳು. ನನ್ನ ಕೈಗೆ ಈ ಸುದ್ದಿ ಇನ್ನೂ ತಲುಪಿಲ್ಲ.

ನಾಳೆ ಡೆಮೊ ಕ್ಲಾಸು. ಆರನೇ ತರಗತಿಗೆ ಗಣಿತದ ಟೀಚರ್ ಬೇಕಂತೆ. ಒಂಬತ್ತು ವರ್ಷದ ಹಿಂದೆ, ಅಮ್ಮ ಹಾಸಿಗೆ ಹಿಡಿದಾಗ ಬಿಟ್ಟ ಕೆಲಸ. 'ನಡುವಿನ ಅವಧಿಯಲ್ಲಿ ಏನು ಮಾಡುತ್ತಿದ್ದಿರಿ' ಎಂದು ಅರ್ಜಿಯಲ್ಲಿ ಕೇಳಿದ್ದರು. 'ಮನೆಯಲ್ಲಿದ್ದೆ' ಎಂದು ಬರೆದೆ. ಇನ್ನೂ ಜಾಗ ಉಳಿಯಿತು.

ಮಾರ್ಚ್ 4, ಸಂಜೆ

ಡೆಮೊ ಎಂದರೆ ದೊಡ್ಡವರು ಮಕ್ಕಳಂತೆ ಬೆಂಚಿನಲ್ಲಿ ಕೂತು ಆಡುವ ಗಂಭೀರ ನಾಟಕ. ಮುಂದಿನ ಬೆಂಚಿನಲ್ಲಿ ಡ್ರಿಲ್ ಮಾಸ್ತರರು, ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು. ಕೊನೆಯ ಬೆಂಚಿನಲ್ಲಿ ಹೆಡ್ ಮಿಸ್, ಪೋಲಿ ಹುಡುಗನ ಪಾತ್ರದಲ್ಲಿ.

ಭಿನ್ನರಾಶಿ ಶುರುಮಾಡಿದೆ. ಕಾಗದ ಮಡಚಿ ಅರ್ಧ ತೋರಿಸಿದೆ, ಕಾಲು ತೋರಿಸಿದೆ. ಹಿಂದಿನಿಂದ ಒಂದು ಕೈ ಎದ್ದಿತು.

"ಮಿಸ್, ಕೇಳಿಸ್ತಿಲ್ಲ."

ನಾಟಕದ ಭಾಗವೆಂದು ನಕ್ಕು ಮುಂದುವರಿದೆ. ಮತ್ತೆ ಕೈ.

"ಇಲ್ಲಮ್ಮ, ನಿಜವಾಗ್ಲೂ ಕೇಳಿಸ್ತಿಲ್ಲ."

"ನಂಗೇ ಅರ್ಧ ಕೇಳಿಸ್ತಿದೆ ಮೇಡಂ," ಎಂದರು ಡ್ರಿಲ್ ಮಾಸ್ತರರು.

ದನಿ ಏರಿಸಲು ನೋಡಿದೆ. ಹಳೆಯ ಸೈಕಲ್ ಪಂಪಿನಿಂದ ಬರುವಂಥದ್ದು ಏನೋ ಬಂತು.

ಆಮೇಲೆ ಹೆಡ್ ಮಿಸ್ ಆಫೀಸಿಗೆ ಕರೆದು ನೀರು ಕೊಟ್ಟರು. "ಪಾಠ ಚೆನ್ನಾಗಿ ಮಾಡ್ತೀರಿ. ಆದ್ರೆ ಪಕ್ಕದ ರೂಮಲ್ಲಿ ಯಾರೋ ರೋಗಿ ಮಲಗಿದಾರೆ ಅನ್ನೋ ಥರ ಮಾತಾಡ್ತೀರಲ್ಲ. ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?"

"ಈಗ ಯಾರೂ ಇಲ್ಲ" ಎಂದೆ. ಅದೂ ಅವರಿಗೆ ಕೇಳಿಸಲಿಲ್ಲ.

"ಹದಿನಾಲ್ಕಕ್ಕೆ ಇನ್ನೊಂದ್ಸಲ ಬನ್ನಿ. ಹಿಂದಿನ ಬೆಂಚಿಗೆ ಕೇಳಿಸ್ಬೇಕು, ಅಷ್ಟೇ."

ಮಾರ್ಚ್ 5

ತಮ್ಮನ ಫೋನು.

"ಅಕ್ಕ, ಮೈಕ್ ಮೇಲೆ ಬೆರಳು ಇಟ್ಕೊಂಡಿದೀಯೇನೋ ನೋಡು."

ಇಟ್ಟುಕೊಂಡಿರಲಿಲ್ಲ.

"ಈ ವಯಸ್ಸಲ್ಲಿ ಯಾಕೆ ನಿಂಗೆ ಈ ಸ್ಕೂಲು ಗೀಲು? ಇದೂ ಆಗ್ಲಿಲ್ಲ ಅಂದ್ರೆ ಮನೆ ಖಾಲಿ ಮಾಡಿ ಇಲ್ಲಿಗೇ ಬಂದ್ಬಿಡು. ಮಗೂನ ಮಲಗಿಸ್ಕೊಂಡು ಆರಾಮಾಗಿರು."

ಇನ್ನೊಬ್ಬರನ್ನು ಮಲಗಿಸುವ ಹುದ್ದೆ. ಅನುಭವ ಬೇಕಾದಷ್ಟಿದೆ, ಅರ್ಜಿ ಹಾಕುವ ಮನಸ್ಸಿಲ್ಲ.

ಮಾರ್ಚ್ 7

ಅಭ್ಯಾಸ. ಊಟದ ಕುರ್ಚಿಗಳು, ಎರಡು ದಿಂಬು, ಒಂದು ಸ್ಟೂಲು — ತರಗತಿ ಭರ್ತಿ. ಸ್ಟೂಲು ಹಿಂದಿನ ಬೆಂಚು. ಇಷ್ಟು ವಿಧೇಯ ಮಕ್ಕಳು ಈ ವೃತ್ತಿಯಲ್ಲಿ ನನಗೆ ಸಿಕ್ಕಿದ್ದೇ ಇಲ್ಲ.

ಆದರೆ ದನಿ ಏರಬೇಕೆನ್ನುವಷ್ಟರಲ್ಲಿ ಕಣ್ಣು ತಾನಾಗಿ ಅಮ್ಮನ ಕೋಣೆಯತ್ತ ಹೋಗುತ್ತದೆ. ಪಾತ್ರೆ ತಾಗಿದರೂ, ಕೆಮ್ಮಿದರೂ ಒಳಗಿನಿಂದ "ಶ್... ಮೆಲ್ಲಗೆ ಕಣೇ" ಎಂದು ಬರುತ್ತಿತ್ತಲ್ಲ, ಆ ಕೋಣೆ. ಬಾಗಿಲು ಮುಚ್ಚಿ ಬಂದೆ. ಇನ್ನೂ ಕೆಟ್ಟಿತು. ಈ ಮನೆಯಲ್ಲಿ ಬಾಗಿಲು ಮುಚ್ಚಿದೆಯೆಂದರೆ ಅಮ್ಮನಿಗೆ ಈಗಷ್ಟೇ ನಿದ್ದೆ ಹತ್ತಿದೆ ಎಂದರ್ಥ.

ಕುರ್ಚಿಗಳಿಗೆ ರಜೆ ಕೊಟ್ಟೆ.

ಮಾರ್ಚ್ 8

ಉಪ್ಪುನೀರು ಮುಕ್ಕಳಿಸಿದೆ. ದಿನವಿಡೀ ಆಡಿದ್ದು ಒಂದೇ ಮಾತು, ಅಂಗಡಿಯವನ ಜೊತೆ — "ಬ್ರೆಡ್." ಅವನು ಬಿಸ್ಕತ್ತು ಕೊಟ್ಟ. ವಾದಿಸಲು ದನಿ ಬೇಕು. ಬಿಸ್ಕತ್ತು ತಿಂದೆ.

ಮಾರ್ಚ್ 12, ಮಧ್ಯಾಹ್ನ

ಅಮ್ಮನ ಕೋಣೆಯ ಬಾಗಿಲು ತೆಗೆದೆ. ಕಿಟಕಿಗಳನ್ನೂ. ಸ್ಟೂಲನ್ನು ಒಯ್ದು ಮಂಚದ ಪಕ್ಕ ಕೂರಿಸಿದೆ. ನಾನು ಅಡುಗೆಮನೆಯಲ್ಲಿ ನಿಂತೆ. ಕಣ್ಣು ಮುಚ್ಚಿಕೊಂಡು —

"ಕಾಲು ಭಾಗ ಅಂದ್ರೆ ಎಷ್ಟು? ಹಿಂದಿನ ಬೆಂಚು, ನಿನ್ನನ್ನೇ ಕೇಳ್ತಿರೋದು."

ತಟ್ಟೆಗಳು ಝಣ್ ಎಂದವು. ನಾನೇ ಬೆಚ್ಚಿಬಿದ್ದೆ. "ಶ್" ಬರುತ್ತದೆಂದು ಕಾದೆ.

ಬರಲಿಲ್ಲ.

ಬಂದವರು ಕೆಳಗಿನ ಮನೆಯಾಕೆ, ಹಿಟ್ಟಿನ ಕೈಯಲ್ಲೇ ಮೆಟ್ಟಿಲು ಹತ್ತಿ.

"ಏನಾಯ್ತ್ರೀ? ಯಾರ ಜೊತೆ ಜಗಳ?"

"ಸ್ಟೂಲ್ ಜೊತೆ."

"ಪಾಪ, ಅದೇನು ಮಾಡ್ತು?"

"ಕೇಳಿದ್ದಕ್ಕೆ ಉತ್ತರ ಕೊಡ್ಲಿಲ್ಲ."

ಸ್ಟೂಲನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು. "ಇಷ್ಟು ವರ್ಷದಲ್ಲಿ ನಿಮ್ಮ ದನಿ ಇವತ್ತೇ ಕೇಳಿದ್ದು ನೋಡಿ. ನನ್ನ ಮಗಳಂತೂ ಮೇಲ್ಗಡೆ ಮನೆ ಖಾಲಿ ಇದೆ ಅಂತ ಫ್ರೆಂಡ್ಸಿಗೆಲ್ಲ ಹೇಳಿಟ್ಟಿದಾಳೆ."

ಇಬ್ಬರೂ ನಕ್ಕೆವು. ಅವರು ಇಳಿದು ಹೋದ ಮೇಲೆ ಒಬ್ಬಳೇ ಇನ್ನೊಂದಿಷ್ಟು ನಕ್ಕು ನೋಡಿದೆ. ಮಗಳ ಮಾತನ್ನು ಪೂರ್ತಿ ಅಲ್ಲಗಳೆಯಲಾಗಲಿಲ್ಲ.

ಮಾರ್ಚ್ 14, ಸಂಜೆ

ಕೊನೆಯ ಬೆಂಚಿನಿಂದ ಹೆಡ್ ಮಿಸ್ ಎರಡೂ ಕಿವಿ ಮುಚ್ಚಿಕೊಂಡು, "ಸಾಕು ಮಿಸ್, ಪಕ್ಕದ ಕ್ಲಾಸಿನವರೂ ಭಿನ್ನರಾಶಿ ಕಲಿತ್ರು," ಎಂದರು. ಡ್ರಿಲ್ ಮಾಸ್ತರರು ಚಪ್ಪಾಳೆ ತಟ್ಟಿದರು. ಜೂನ್ ಒಂದರಿಂದ ಕೆಲಸ.

ಇಂಥ ಸುದ್ದಿಯನ್ನು ಕೂಗಿ ಹೇಳಬೇಕು. ದಾರಿಯುದ್ದಕ್ಕೂ ಅಂದುಕೊಂಡೇ ಬಂದೆ. ಬೀಗ ತೆಗೆದೆ. ಚಪ್ಪಲಿಯನ್ನು ಸದ್ದಿಲ್ಲದೆ ಬಿಟ್ಟೆ. ಕೋಣೆಯ ಬಾಗಿಲಿಗೆ ಹೋಗಿ, "ಅಮ್ಮಾ, ಸಿಕ್ತು" ಎಂದೆ.

ಪಿಸುಮಾತಿನಲ್ಲಿ.

ಜೂನ್ 1, ಬೆಳಿಗ್ಗೆ

ನಿಂತುಕೊಂಡೇ ಬರೆಯುತ್ತಿದ್ದೇನೆ. ಬ್ಯಾಗಿನಲ್ಲಿ ಮಡಚುವ ಕಾಗದ, ನೀರಿನ ಬಾಟಲಿ. ಚಮಚವನ್ನು ಬೇಕೆಂದೇ ಸಿಂಕಿಗೆ ಎಸೆದೆ. ಒಳ್ಳೆಯ ಸದ್ದು.

ಸ್ಟೂಲು ಇನ್ನೂ ಮಂಚದ ಪಕ್ಕದಲ್ಲೇ ಇದೆ. ಬಾಗಿಲಲ್ಲಿ ನಿಂತು, ಹಿಂದಿನ ಬೆಂಚಿಗೆ ಕೇಳಿಸುವ ಹಾಗೆ ಕೂಗಿದೆ.

"ಅಮ್ಮಾ, ಹೋಗ್ಬರ್ತೀನಿ."

ಕೆಳಗಿನಿಂದ ಆ ಮನೆಯಾಕೆಯ ಮಗಳು, "ಹ್ಞೂಂ, ಹೋಗ್ಬನ್ನಿ ಆಂಟೀ," ಎಂದಳು.

ಒಳಗಿನಿಂದ "ಶ್" ಎಂದು ಯಾರೂ ಅನ್ನಲಿಲ್ಲ.