ಕುರ್ಚಿಯಲ್ಲಿ ಕೇಳಿದ ಮಾತು

ಅಂಗಡಿಯ ಹಿಂದಿನ ಕೋಣೆ
ಭಾನುವಾರ, ಜೂನ್ ೧೩

ಪ್ರೀತಿಯ ಅಪ್ಪಾ,

ನಿಮ್ಮ ಕೆಮ್ಮು ಹೇಗಿದೆ? ಅಜ್ಜಿ ಈಗ ಎದ್ದು ಕೂರುತ್ತಾರಾ? ಈ ಸೋಂಕು ಇಳಿದು ನಿಮ್ಮನ್ನು ಊರಿನಿಂದ ಇಲ್ಲಿಗೆ ಕರೆತರುವ ವಿಮಾನ ಮತ್ತೆ ಯಾವಾಗ ಶುರುವಾಗುತ್ತದೋ, ಅಲ್ಲಿಯವರೆಗೆ ಬಿಸಿನೀರು ಕುಡಿಯುವುದನ್ನು ನಿಲ್ಲಿಸಬೇಡಿ ಎಂದು ಅಮ್ಮ ಹೇಳಿದ್ದಾಳೆ. ಅಮ್ಮನ ಕೈ ಕ್ಷೌರದ ಕತ್ತಿಗೆ ಚೆನ್ನಾಗಿ ಪಳಗಿದೆ. ನಿಮಗಿಂತ ನಯ ಎಂದು ಚಪ್ಪಲಿ ತಾತ ಹೇಳುತ್ತಾರೆ, ಹೊಟ್ಟೆಕಿಚ್ಚು ಪಡಬೇಡಿ. ಎರಡನೇ ಕುರ್ಚಿ ಮಾರಿದ್ದು ನಿಮಗೆ ಗೊತ್ತು. ಈ ತಿಂಗಳ ಬಾಡಿಗೆಗೆ ನಿಮ್ಮ ಕುರ್ಚಿಯೂ ಹೋಗುವುದರಲ್ಲಿತ್ತು. ಹೋಗಲಿಲ್ಲ. ಏಕೆಂದು ಫೋನಿನಲ್ಲಿ ಹೇಳಲು ನಾಲಿಗೆ ಏಳಲಿಲ್ಲ, ಅದಕ್ಕೇ ಈ ಕಾಗದ.

ಕಳೆದ ವರ್ಷ ಸರ್ಕಾರ ನಮ್ಮಂಥ ವಲಸೆ ಬಂದವರ ಬೀದಿಗಳ ಸಣ್ಣ ಅಂಗಡಿಗಳಿಗೆ ಪರಿಹಾರ ಕೊಡುತ್ತೇವೆ ಎಂದಾಗ, ದೊಡ್ಡಂಗಡಿ ಮಾವ ಬಾಗಿಲು ಬಾಗಿಲಿಗೆ ಬಂದು ಹೇಳಿದ್ದು ನೆನಪಿದೆಯಲ್ಲ? "ಆ ದುಡ್ಡು ಮುಟ್ಟಬೇಡ್ರಪ್ಪಾ. ಕಾಗದಪತ್ರ ಕೆದಕ್ತಾರೆ, ಗಂಟುಮೂಟೆ ಕಟ್ಟಿಸಿ ಊರಿಗೆ ಅಟ್ತಾರೆ." ನಮ್ಮವರೇ, ನಮಗಿಂತ ಎಷ್ಟೋ ಮೊದಲು ಬಂದವರು, ಇಲ್ಲಿಯ ಭಾಷೆ ನೀರು ಕುಡಿದಂತೆ ಆಡುವವರು. ಎಲ್ಲರೂ ನಂಬಿದರು. ನಾನು ಅರ್ಜಿ ಓದಿ, ಹೆದರುವಂಥದ್ದು ಏನೂ ಇಲ್ಲ ಅಪ್ಪಾ ಎಂದೆ. "ಪುಸ್ತಕದ ಬದನೆಕಾಯಿ" ಎಂದು ನಕ್ಕು ಅದನ್ನು ಮಡಚಿ ಕನ್ನಡಿಯ ಹಿಂದೆ ಸಿಕ್ಕಿಸಿದಿರಿ. ದರ್ಜಿ ಚಿಕ್ಕಪ್ಪ ಹೊಲಿಗೆ ಯಂತ್ರ ಮಾರಿ ಗೋದಾಮಿನಲ್ಲಿ ಮೂಟೆ ಹೊರಲು ಹೋದರು. ಬೇಕರಿ ಅತ್ತೆಯ ಒಲೆ ಆರಿತು.

ಹೋದ ತಿಂಗಳು ಮಾವ ಕ್ಷೌರಕ್ಕೆ ಬಂದಿದ್ದರು. ಅಮ್ಮ ಗದ್ದಕ್ಕೆ ನೊರೆ ಹಚ್ಚಿದ್ದಳು, ನಾನು ಮೂಲೆಯಲ್ಲಿ ಕೂದಲು ಗುಡಿಸುತ್ತಿದ್ದೆ. ಅವರು ಎದೆಯ ಮೇಲೆ ಫೋನಿಟ್ಟುಕೊಂಡು ಭಾಮೈದನ ಜೊತೆ ಹರಟುತ್ತಿದ್ದರು. "ಒಂದು ಸಲ ಹೆದರಿಸಿದ್ದಷ್ಟೇ ಕಣೋ, ಎಲ್ಲಾ ಬಾಲ ಮುದುರ್ಕೊಂಡ್ವು. ಬೀದಿ ಪಾಲು ಪೂರ್ತಿ ನನ್ನ ಮೂರು ಅಂಗಡಿಗೇ ಬಂತು." ಯಾರಾದರೂ ಕೇಳಿಸಿಕೊಂಡಾರು ಎಂದು ಆ ಕಡೆಯವನು ಅಂದಿರಬೇಕು. ಮಾವ ನಕ್ಕರು. "ಈ ಅಂಗಡಿಲಿ ಆಡಿದ ಮಾತು ಹೊಸ್ತಿಲು ದಾಟಲ್ಲ. ಇರೋ ಹುಡುಗಿಗಂತೂ ಬಾಯೇ ಇಲ್ಲ."

ಅಮ್ಮನ ಕೈ ಅವರ ಗಂಟಲ ಹತ್ತಿರ ನಿಂತಿತು. ಕತ್ತಿ ಎಳ್ಳಷ್ಟು ಜಾರಲಿ ಎಂದು ಮನಸಾರೆ ಬೇಡಿಕೊಂಡೆ, ಅಪ್ಪಾ. ಜಾರಲಿಲ್ಲ. ಅಮ್ಮ ನುಣ್ಣಗೆ ಮುಗಿಸಿ, ಮುಖ ಒರೆಸಿ ಕಳಿಸಿದಳು. ಆಮೇಲೆ ನಿಮ್ಮ ನಿಯಮವನ್ನೇ ನನಗೆ ಹೇಳಿದಳು: "ಕುರ್ಚೀಲಿ ಕೇಳಿದ್ದನ್ನ ಕೂದಲ ಜೊತೆ ಗುಡಿಸಿಬಿಡಬೇಕು." ನಾನು ಕೂದಲನ್ನು ಮಾತ್ರ ಗುಡಿಸಿದೆ.

ಎರಡನೇ ಕಂತಿನ ಪರಿಹಾರಕ್ಕೆಂದು ಮೂರು ವಾರದ ಹಿಂದೆ ಅಧಿಕಾರಿಣಿಯೊಬ್ಬರು ಶಾಲೆಯ ಸಭಾಂಗಣದಲ್ಲಿ ಎಲ್ಲರನ್ನೂ ದೂರ ದೂರ ಕೂರಿಸಿ, ಈ ಬೀದಿಯಿಂದ ಒಬ್ಬರೇ ಏಕೆ ಅರ್ಜಿ ಹಾಕಿದ್ದು ಎಂದು ಕೇಳಿದರು. ಮಾವ ಎದ್ದು ಇಲ್ಲಿಯ ಭಾಷೆಯಲ್ಲಿ ಉತ್ತರಿಸಿದರು. ನಮ್ಮವರು ತಲೆಯಾಡಿಸಿದರು, ದರ್ಜಿ ಚಿಕ್ಕಪ್ಪ ಚಪ್ಪಾಳೆಯನ್ನೂ ತಟ್ಟಿದರು. ಇವರಿಗೆಲ್ಲ ಅರ್ಥವಾಯಿತೇ, ಎರಡೂ ಭಾಷೆ ಬಲ್ಲವರು ಬೇರೆ ಯಾರಾದರೂ ಇದ್ದಾರೆಯೇ ಎಂದು ಆಕೆ ಕೇಳಿದರು. ತರಗತಿಯಲ್ಲಿ ಒಮ್ಮೆಯೂ ಏಳದ ನನ್ನ ಕೈ ಎದ್ದಿತು. ಮಾವ ಹೇಳಿದ್ದನ್ನು ನಮ್ಮ ಭಾಷೆಯಲ್ಲಿ ಹಾಗೆಯೇ ಹೇಳಿದೆ: "ನಮ್ಮ ಬೀದಿಯವರಿಗೆ ಪರಿಹಾರ ಬೇಕಾಗಿಲ್ಲ. ಅವರ ವ್ಯಾಪಾರವೆಲ್ಲ ಚೆನ್ನಾಗಿ ನಡೆಯುತ್ತಿದೆ." ಚಪ್ಪಾಳೆ ಅರ್ಧಕ್ಕೆ ನಿಂತಿತು. ಆಮೇಲೆ ಕುರ್ಚಿಯಲ್ಲಿ ಕೇಳಿದ್ದನ್ನೂ ಹೇಳಿದೆ, ಎರಡೂ ಭಾಷೆಯಲ್ಲಿ, ನಿಧಾನವಾಗಿ, ಒಂದೊಂದು ಪದವನ್ನೂ ಸವಿಯುತ್ತ. ಅವರ ಮುಖ ಸುಟ್ಟ ಬದನೆಕಾಯಿಯಾಯಿತು. ಪುಸ್ತಕದ್ದಲ್ಲ.

ಈಗ ಅವರ ಮೇಲೆ ವಿಚಾರಣೆ ನಡೆಯುತ್ತಿದೆ. ಕನ್ನಡಿಯ ಹಿಂದಿನ ಕಾಗದ ಹಳತಾಗಿತ್ತು, ಹೊಸ ಅರ್ಜಿ ತುಂಬಿದೆ, ಎಲ್ಲರದ್ದೂ. ಮಂಜೂರಾದ ಪತ್ರ ನೋಡಿ ಮನೆ ಮಾಲೀಕರು ಬಾಡಿಗೆಗೆ ಕಾಯಲು ಒಪ್ಪಿದರು. ಬೇಕರಿ ಅತ್ತೆಯ ಒಲೆ ಮತ್ತೆ ಹೊತ್ತಿದೆ, ಮಾವ ಹೋದರೆ ನಿನ್ನೆಯ ಬ್ರೆಡ್ಡನ್ನೇ ಕೊಡುತ್ತಾರೆ. ಬೀದಿಯಲ್ಲಿ ಬೇರೆ ಕ್ಷೌರದಂಗಡಿ ಇಲ್ಲ, ನಮ್ಮಲ್ಲಿಗೆ ಕಾಲಿಡಲು ಮಾವನಿಗೆ ಮುಖವಿಲ್ಲ. ಅವರ ಗಡ್ಡ ಬೆಳೆಯುವುದನ್ನು ದಿನಾ ಕಿಟಕಿಯಿಂದ ನೋಡುತ್ತೇನೆ. ಅಷ್ಟು ಖುಷಿ ಕೊಟ್ಟ ಪುಸ್ತಕ ಇನ್ನೂ ಸಿಕ್ಕಿಲ್ಲ. ನಿಯಮ ಮುರಿದದ್ದಕ್ಕೆ ಅಪ್ಪನ ಕ್ಷಮೆ ಕೇಳು ಎಂದು ಅಮ್ಮ ಹೇಳಿದ್ದಾಳೆ. ಕೇಳುವುದಿಲ್ಲ.

ಅಜ್ಜಿಯ ಕಾಲು ಮುಟ್ಟಿದೆನೆಂದು ಹೇಳಿ. ಶಾಲು ಹೊದ್ದೇ ಮಲಗಿ.

ನಿಮ್ಮ
ಬಾಯಿಲ್ಲದ ಹುಡುಗಿ

ಮರೆತ ಮಾತು: ಅಮ್ಮ ಸ್ನಾನಕ್ಕೆ ಹೋಗಿದ್ದಾಳೆ, ಬೇಗ ಬರೆಯುತ್ತೇನೆ. ಸಭೆಯಿಂದ ಹೊರಗೆ ಹೋಗುವಾಗ ಮಾವ ತಿರುಗಿ ಅಧಿಕಾರಿಣಿಗೆ ಇಲ್ಲಿಯ ಭಾಷೆಯಲ್ಲಿ ಒಂದು ಮಾತು ಹೇಳಿದರು: ಇವಳ ಅಪ್ಪನಿಗೆ ಹೋದ ವರ್ಷದಿಂದಲೂ ಎಲ್ಲ ಗೊತ್ತು, ಅವನಂಗಡಿಯ ಕುರ್ಚಿಯಲ್ಲೇ ಕೂತು ಅವನಿಗೂ ಹೇಳಿದ್ದೆ. "ಏನಂದ್ನಮ್ಮಾ ಅವ್ನು?" ಎಂದು ದರ್ಜಿ ಚಿಕ್ಕಪ್ಪ ಕೇಳಿದರು. ಬೈದ್ರು ಅಷ್ಟೇ ಎಂದೆ. ಅದೊಂದನ್ನು ಮಾತ್ರ ನಾನು ಅನುವಾದಿಸಲಿಲ್ಲ. ಸುಳ್ಳಾದರೆ ಅಮ್ಮನ ಹೆಸರಿಗೆ ಉತ್ತರ ಬರೆಯಿರಿ, ಬೀದಿಗೆಲ್ಲ ಓದಿ ಹೇಳುತ್ತೇನೆ. ನಿಜವಾದರೆ ನನ್ನ ಹೆಸರಿಗೆ ಬರೆಯಿರಿ. ಆ ಕಾಗದವನ್ನು ಕೂದಲ ಜೊತೆ ಗುಡಿಸುತ್ತೇನೋ ಇಲ್ಲವೋ, ಈಗಲೇ ಮಾತು ಕೊಡಲಾರೆ.