ಬಾಡಿಗೆಯವರ ಬಿಸಿಲು

ಮಾರ್ಚ್ 4, ಬೆಳಿಗ್ಗೆ

ನರ್ಸಿಂಗ್ ಹೋಮಿನ ಬೆಡ್‌ಶೀಟುಗಳು. ಒಗೆದು ಇಸ್ತ್ರಿ ಮಾಡಿದಷ್ಟೂ ಇವೆ. ನಡುವೆ ಕರೆಂಟ್ ಹೋಯಿತು, ಬಂತು, ಮತ್ತೆ ಹೋಯಿತು. ಹಿಮ್ಮಡಿ ಉರಿ.

ಮೇಲಿನ ಮನೆಯ ಮೇಷ್ಟ್ರು ಬಂದಿದ್ದರು. ರಿಟೈರ್ ಆದಮೇಲೆ ಅವರಿಗೆ ಕೂತಲ್ಲಿ ಕೂರಲಾಗುತ್ತಿಲ್ಲ. ನಮ್ಮ ಕಟ್ಟಡದ ತಾರಸಿಗೆ ಸೋಲಾರ್ ಹಾಕಿಸುತ್ತಾರಂತೆ. ಯಾವುದೋ ಕಂಪನಿಯದಲ್ಲ, ಇಲ್ಲಿರುವವರದೇ. ಸಂಘ ಕಟ್ಟಿ ಮನೆಗೊಂದು ಶೇರ್.

"ನಮ್ಮಂಥೋರ್ಗೂನಾ?" ಅಂದೆ.

"ಬಾಡಿಗೆಯವ್ರು ಸೇರ್ಲೇಬೇಕಮ್ಮ. ದುಡ್ಡಿಲ್ದೋರು ಸರದಿ ಮೇಲೆ ಪ್ಯಾನೆಲ್ ತೊಳೀಲಿ. ಅದೇ ಶೇರು."

ಇನ್ನೊಂದು ತೊಳೆಯುವ ಕೆಲಸ. ನಗು ಬಂತು.

ಮಾರ್ಚ್ 10, ಸಂಜೆ

ಮೀಟಿಂಗಿಗೆ ಹೋಗುವ ಮನಸ್ಸಿರಲಿಲ್ಲ. ಅತ್ತೆ ಬಿಡಲಿಲ್ಲ. "ಬಿಲ್ ಬಂದಾಗ ಮೀಟರಿಗೆ ಶಾಪ ಹಾಕೋಳು ನೀನೇ ತಾನೆ? ಹೋಗೇ."

ಹೋದೆ. ನಮ್ಮ ಓನರ್ — ಮೆಡಿಕಲ್ ಸ್ಟೋರಿನವರು — ಒಳ್ಳೆಯ ಮಾತನ್ನೇ ಆಡಿದರು. ಎಲ್ಲರಿಗೂ ಅಗ್ಗದ ಕರೆಂಟ್, ಎಲ್ಲರಿಗೂ ಶೇರ್. ಕೊನೆಗೆ ಮೆಲ್ಲಗೆ ಸೇರಿಸಿದರು: ಶೇರ್ ಮನೆಯ ಹೆಸರಲ್ಲಿ ಇರುತ್ತದೆ.

ನಾನು ಸುಮ್ಮನಿರಬೇಕಿತ್ತು. ಮಾತು ಬಾಯಿಗೆ ಬಂದೇಬಿಟ್ಟಿತು. "ನಾವು ಮನೆ ಖಾಲಿ ಮಾಡಿದ್ರೆ?"

"ಖಾಲಿ ಮಾಡಿದ್ಮೇಲೆ ನಿಮ್ಗ್ಯಾಕಮ್ಮ ಅದು?"

"ತೊಳೆದಿರೋದು ನಾವಲ್ವಾ?"

ಯಾರೋ ಕೆಮ್ಮಿದರು. ಮೇಷ್ಟ್ರ ಕಡೆ ನೋಡಿದೆ. ಅವರು ಕನ್ನಡಕ ಒರೆಸುತ್ತಿದ್ದರು. ಬಿಟ್ಟರೆ ಗಾಜು ಸವೆಯುವವರೆಗೂ ಒರೆಸುತ್ತಿದ್ದರೇನೋ.

ಸಹಿ ಹಾಕದೆ ಎದ್ದು ಬಂದೆ.

ಮಾರ್ಚ್ 23

ಪಕ್ಕದ ಮನೆಯವರು ಮಾತು ಬಿಟ್ಟಿದ್ದಾರೆ. ನನ್ನ ಹಟದಿಂದ ಎಲ್ಲರ ಬಾಯಿಗೂ ಮಣ್ಣು ಬೀಳುತ್ತದಂತೆ. ಅತ್ತೆಯೂ ಮುಖ ಊದಿಸಿಕೊಂಡಿದ್ದಾರೆ. ಕೇಳಿದ್ದು ತಪ್ಪಾ? ತಪ್ಪಿರಲಾರದು. ಆದರೆ ಸರಿಯಾಗಿರುವುದಕ್ಕೂ ಇಷ್ಟು ಸುಸ್ತೇ...

ಟೈಲರಮ್ಮ ಒಬ್ಬಳೇ ಬಂದಳು. ಹಿಂದಿನ ರೂಮಿನವಳು. ಹೊಲಿಗೆ ಮೆಷಿನ್ನಿನ ಮೋಟಾರು ಸುಟ್ಟಿದೆ, ಮತ್ತೆ ಕಾಲಲ್ಲೇ ತುಳಿಯುತ್ತಿದ್ದಾಳೆ. ಕೂತು ಬೆಡ್‌ಶೀಟು ಮಡಿಸಿಕೊಟ್ಟಳು. ಹೋಗುವಾಗ, "ನಾನೂ ಸೈನ್ ಮಾಡಿಲ್ಲ ಅಕ್ಕ" ಅಂದಳು.

ಮಾರ್ಚ್ 27

ಮೇಷ್ಟ್ರು ಬಂದರು. ಬಟ್ಟೆಗಂಟಿನ ಮೇಲೇ ಕೂತರು.

"ಅವತ್ತು ಬಾಯಿ ಬಿಡ್ಬೇಕಿತ್ತು. ಓನರ್‌ಗಳು ಕೈಬಿಟ್ರೆ ತಾರಸಿನೇ ಸಿಗಲ್ಲ ಅಂತ ಹೆದರ್ಕೊಂಡೆ."

"ಈಗೆಲ್ಲಿಂದ ಬಂತು ಧೈರ್ಯ?"

ನೆಲ ನೋಡುತ್ತಾ ಹೇಳಿದರು. ಬಾಡಿಗೆಯವರಲ್ಲಿ ಅರ್ಧದಷ್ಟು ಜನವಾದರೂ ಸೇರದಿದ್ದರೆ ಸರ್ಕಾರದ ಅನುದಾನ ಬರುವುದಿಲ್ಲ. ಅನುದಾನ ಇಲ್ಲದಿದ್ದರೆ ಸೋಲಾರೂ ಇಲ್ಲ.

ಓಹೋ. ಅದಕ್ಕೇ ನಮ್ಮ ಮೇಲೆ ಅಷ್ಟು ಅಕ್ಕರೆ. ಬೈಯಬೇಕೆನಿಸಿತು. ಇಸ್ತ್ರಿಪೆಟ್ಟಿಗೆ ಕಾದಿತ್ತು, ಬಟ್ಟೆ ಸುಡುತ್ತಿತ್ತು. ಬೈಯಲಿಲ್ಲ.

ಏಪ್ರಿಲ್ 13

ಕೆಲಸ ಮುಗಿಸಿ ದಿನಾ ಸಂಜೆ ಮೆಟ್ಟಿಲು ಹತ್ತುವುದು, ಇಳಿಯುವುದು. ನಾನು, ಟೈಲರಮ್ಮ. ಪ್ರತಿ ಬಾಗಿಲಲ್ಲೂ ಅದೇ ಮಾತು — ಶೇರ್ ನಮ್ಮ ಹೆಸರಿಗೆ ಬರಬೇಕು, ಮನೆ ಬಿಟ್ಟರೆ ನಮ್ಮ ಜೊತೆ ಬರಬೇಕು, ಹೋದಲ್ಲಿನ ಕರೆಂಟ್ ಬಿಲ್ಲಿನಲ್ಲಿ ಅದರ ಪಾಲು ಕಳೆಯಬೇಕು. ಅಲ್ಲಿಯವರೆಗೆ ಯಾರೂ ಸಹಿ ಹಾಕಬೇಡಿ. ಕೆಲವರು ಒಳಗೆ ಕರೆದರು. ಕೆಲವರು ಬಾಗಿಲ ಸಂದಿಯಲ್ಲೇ ಮಾತಾಡಿ ಕಳಿಸಿದರು. ಮಂಡಿ ನನ್ನವಲ್ಲ ಅನ್ನಿಸುತ್ತಿದೆ.

ಏಪ್ರಿಲ್ 21

ಒಪ್ಪಿದರು. ಓನರ್ ಬಾಯಲ್ಲಿ ಬೇವು ಇಟ್ಟುಕೊಂಡವರಂತೆ ಕೂತಿದ್ದರು, ಆದರೂ ಒಪ್ಪಿದರು.

ಕುಣಿಯಬೇಕಿತ್ತು. ಮನೆಗೆ ಬಂದು ಮಲಗಿಬಿಟ್ಟೆ. ಅತ್ತೆ ಕಾಲಿಗೆ ಎಣ್ಣೆ ಹಚ್ಚಿದರು. ಮದುವೆಯಾಗಿ ಬಂದಾಗಿನಿಂದ ಇದೇ ಮೊದಲು. ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿಕೊಂಡಿದ್ದೆ.

ಜೂನ್ 30

ತಾರಸಿಗೆ ಪ್ಯಾನೆಲ್ ಬಂದಮೇಲೆ ಬಿಲ್ ಇಳಿದಿದೆ. ನಿಜವಾಗಿ ಇಳಿದಿದೆ. ಟೈಲರಮ್ಮ ಮೋಟಾರು ಕಟ್ಟಿಸಿಕೊಂಡಳು. ಗೋಡೆಯಾಚೆ ಅದರ ಸದ್ದು. ನನ್ನನ್ನು ಕಮಿಟಿಗೆ ಹಾಕಿದ್ದಾರೆ. ಬೇಡವೆಂದೆ, ಕೇಳಲಿಲ್ಲ. ಇವತ್ತು ಪ್ಯಾನೆಲ್ ತೊಳೆಯುವ ಸರದಿ ನಮ್ಮದು. ಬಗ್ಗಿ ಬಗ್ಗಿ ಸೊಂಟ ಹೋಯಿತು. ಬೆಡ್‌ಶೀಟುಗಳಿಗೆ ಸರದಿಯಿಲ್ಲ, ಅವು ಬರುತ್ತಲೇ ಇವೆ.

ಆಗಸ್ಟ್ 18, ಸಂಜೆ

ಕಾಲುವೆ ಪಕ್ಕದ ತಗಡಿನ ಮನೆಗಳಿಂದ ಕೆಲವು ಹೆಂಗಸರು ಮೀಟಿಂಗಿಗೆ ಬಂದಿದ್ದರು. ಆ ತಗಡು ಪ್ಯಾನೆಲ್ಲಿನ ಭಾರ ತಡೆಯುವುದಿಲ್ಲ. ನಮ್ಮ ಸಂಘಕ್ಕೇ ಸೇರಿಸಿಕೊಳ್ಳಿ, ತೊಳೆಯುವ ಕೆಲಸ ಮಾಡುತ್ತೇವೆ ಅಂದರು.

ಮೇಷ್ಟ್ರು ಮುಚ್ಚುಮರೆಯಿಲ್ಲದೆ ಹೇಳಿದರು: ಬರುವ ಕರೆಂಟ್ ಅಷ್ಟೇ. ಅವರನ್ನು ಸೇರಿಸಿಕೊಂಡರೆ ಎಲ್ಲರ ಪಾಲೂ ಸಣ್ಣದಾಗುತ್ತದೆ.

"ಈಗ ನೀವೇ ಹೇಳಿ" ಎಂದು ಓನರ್ ನನ್ನ ಕಡೆ ತಿರುಗಿದರು. ಅವರಿಗೆ ಖುಷಿಯಾಗಿತ್ತು. ಮುಚ್ಚಿಡಲೂ ಇಲ್ಲ.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಆ ಹೆಂಗಸರೂ. ಬಿಲ್ ಮತ್ತೆ ಏರುತ್ತದೆ, ಅತ್ತೆ ಮತ್ತೆ ಮುಖ ಊದಿಸಿಕೊಳ್ಳುತ್ತಾರೆ — ಎಲ್ಲ ಒಂದೇ ಸಲ ತಲೆಗೆ ಬಂತು. ನನಗೆ ಬೇಕಿದ್ದದ್ದು ಮನೆಗೆ ಹೋಗಿ ಕಾಲು ಚಾಚುವುದು, ಅಷ್ಟೇ.

ಕೈ ಎತ್ತಿದೆ. ಆಮೇಲೆ ಮೇಷ್ಟ್ರು ಎತ್ತಿದರು. ಅಲ್ಲೊಂದು, ಇಲ್ಲೊಂದು.

ಪಕ್ಕದಲ್ಲಿ ಟೈಲರಮ್ಮ. ಅವಳ ಕೈ ಮಡಿಲಲ್ಲೇ ಇತ್ತು.

ಸಾಲಲಿಲ್ಲ. ಆ ಹೆಂಗಸರು ಎದ್ದು ಹೋದರು.

ಟೈಲರಮ್ಮ, ನಾನು ಜೊತೆಗೇ ಕೆಳಗಿಳಿದೆವು. ನನ್ನ ಬಾಗಿಲ ಹತ್ತಿರ ಅವಳು ನಿಂತಳು. "ಅಕ್ಕ, ಮೆಷಿನ್ ಈಗ ತಾನೇ..." ಅಂದಳು. ತನ್ನ ರೂಮಿನ ಕಡೆ ನಡೆದಳು.

ಗೋಡೆಯಾಚೆ ಇವತ್ತು ಸದ್ದಿಲ್ಲ. ಎದ್ದು ಹೋಗಿ ಅವಳ ಬಾಗಿಲು ತಟ್ಟಬೇಕು. ತಟ್ಟಿ ಏನು ಹೇಳುವುದು, ಅವಳೂ ನನ್ನ ಹಾಗೇ ಸುಸ್ತಾದವಳು.