ಕಮಲಳ ದನಿಯನ್ನು ಅಳಿಸಿದವರಿಗೆ

ಸಕ್ಕರೆ ಕಾಯಿಲೆಯವರ ವಾಟ್ಸಾಪ್ ಗುಂಪಿನ ಉಸ್ತುವಾರಿ ಹೊತ್ತಿರುವ ಆರೋಗ್ಯಾಧಿಕಾರಿಗಳಿಗೆ

ಮಾನ್ಯರೇ,

ನಿಮಗಿಂತ ಮೊದಲು, ಈ ಪತ್ರವನ್ನು ಪೇಪರಿನಲ್ಲಿ ಈಗ ಓದುತ್ತಿರುವವರು ಯಾರೋ ಅವರಿಗೆ ಒಂದು ಮಾತು. ಪೇಪರು ಬಿಡಿಸಿ, ಸತ್ತವರ ಫೋಟೋ ನೋಡಿ, ಚಿನ್ನದ ರೇಟು ನೋಡಿ, ಚಾದಲ್ಲಿ ಬಿಸ್ಕೀಟು ಅದ್ದುತ್ತಾ ‘ಇದ್ಯಾವುದೋ ಮುದುಕಿಯ ಗೋಳು’ ಎಂದು ಪುಟ ತಿರುಗಿಸುವವರು ನೀವಾದರೆ, ಬಿಸ್ಕೀಟು ಕೆಳಗಿಡಿ. ನಿಮ್ಮ ಮನೆಯಲ್ಲೂ ಒಬ್ಬರಿಗೆ ಸಕ್ಕರೆ ಇದೆ. ಇಲ್ಲ ಎನ್ನುತ್ತೀರಾದರೆ ಪರೀಕ್ಷೆ ಮಾಡಿಸಿಲ್ಲ ಎಂದು ಅರ್ಥ. ಇನ್ನು ನೀವು ಅಧಿಕಾರಿಗಳ ಕಚೇರಿಯಲ್ಲಿ ಪೇಪರು ಕತ್ತರಿಸಿ ಫೈಲಿಗೆ ಅಂಟಿಸುವವರಾದರೆ, ಕತ್ತರಿ ಹಾಕುವ ಮೊದಲು ಕೊನೆಯವರೆಗೆ ಓದಿ. ಹೋದ ಸಲ ನಾನೇ ಬಂದು ನಿಂತಾಗ ನೀವು ತಲೆ ಎತ್ತಿ ನನ್ನ ಮುಖವನ್ನೂ ಪೂರ್ತಿ ನೋಡಲಿಲ್ಲ.

ಈಗ ಮಾನ್ಯರಿಗೆ. ನನ್ನ ದೂರು ಚಿಕ್ಕದು. ನಮ್ಮ ಗುಂಪಿನಲ್ಲಿ ಇನ್ನು ಮೇಲೆ ಯಾರೂ ಬಾಯಲ್ಲಿ ಮಾತಾಡಿ ಕಳಿಸಬಾರದು, ಬರೆದೇ ಕಳಿಸಬೇಕು ಎಂದು ನೀವು ಆಜ್ಞೆ ಮಾಡಿದಿರಿ. ಆ ಆಜ್ಞೆಯ ಕಾರಣದಿಂದ ನನ್ನ ತಮ್ಮನ ಹೆಂಡತಿ ಕಮಲಳ ಕಾಲಿನ ಎರಡು ಬೆರಳು ಹೋದವು. ಉಳಿದ ಪಾದ ಉಳಿಯುತ್ತದೋ ಇಲ್ಲವೋ ಎಂಬುದನ್ನು ಡಾಕ್ಟರು ಮುಂದಿನ ತಿಂಗಳು ನೋಡಿ ಹೇಳುತ್ತಾರಂತೆ. ಅದಕ್ಕೆ ಮೊದಲು ಆ ಆಜ್ಞೆಯನ್ನು ಹಿಂದೆ ತೆಗೆದುಕೊಳ್ಳಿ. ಹೇಳಬೇಕಾದ್ದು ಇಷ್ಟೇ. ಇಷ್ಟನ್ನು ನಿಮ್ಮ ಕಚೇರಿಯಲ್ಲಿ ನಿಂತು ಹೇಳಿದಾಗ ಯಾರಿಗೂ ಅರ್ಥವಾಗಲಿಲ್ಲ. ಹಾಗಾಗಿ ಉದ್ದ ಮಾಡುತ್ತಿದ್ದೇನೆ.

ಈ ಗುಂಪು ನೀವು ಹುಟ್ಟಿಸಿದ್ದಲ್ಲ ಎಂಬುದು ನಿಮಗೆ ಮರೆತಿರಬಹುದು. ಹುಟ್ಟಿಸಿದವಳು ದಿವ್ಯಾ, ಕೋಟೇಶ್ವರದಲ್ಲಿ ರಕ್ತ ಪರೀಕ್ಷೆ ಮಾಡುವ ಹುಡುಗಿ. ರಕ್ತ ಕೊಡಲು ಹಸಿದುಕೊಂಡು ಬಂದವರು ಬೆಂಚಿನ ಮೇಲೆ ಕೂತು ಒಬ್ಬರಿಗೊಬ್ಬರು ಕಷ್ಟ ಹೇಳಿಕೊಳ್ಳುವುದನ್ನು ದಿನಾ ಕೇಳುತ್ತಿದ್ದಳು. ಡಾಕ್ಟರ ಮುಂದೆ ‘ಎಂತ ಇಲ್ಲ, ಅಡ್ಡಿಲ್ಲ’ ಎಂದು ತಲೆ ಆಡಿಸಿ ಬಂದವರೆಲ್ಲ ಆ ಬೆಂಚಿನ ಮೇಲೆ ಸತ್ಯ ಹೇಳುತ್ತಿದ್ದರು. ಆ ಬೆಂಚನ್ನೇ ಅವಳು ಫೋನಿನೊಳಗೆ ಇಟ್ಟಳು. ‘ಸಿಹಿ ಬಿಟ್ಟವರು’ ಎಂದು ಹೆಸರು ಹಾಕಿದಳು. ಬೈಂದೂರಿನಿಂದ ಬ್ರಹ್ಮಾವರದವರೆಗಿನ ಸಕ್ಕರೆಯವರು ಬಂದು ಸೇರಿದರು. ಮುಂಬೈಯ ಹೋಟೆಲುಗಳಲ್ಲಿ ದುಡಿಯುವ ನಮ್ಮ ಊರಿನವರೂ ಸೇರಿದರು. ನಮ್ಮಲ್ಲಿ ಮುಕ್ಕಾಲು ಪಾಲು ಜನಕ್ಕೆ ಬರೆಯಲು ಬಾರದು, ಬಂದರೂ ಕೈ ಒದ್ದೆ. ಮೀನು ಕೊಯ್ಯುವ ಕೈಯಲ್ಲಿ ಅಕ್ಷರ ಹುಡುಕಿ ಒತ್ತುವವರು ಯಾರು? ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಫೋನಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ಮಾತಾಡಿದರೆ ಆಯಿತು.

ಅಲ್ಲಿ ಏನು ಮಾತಾಡುತ್ತಿದ್ದೆವು ಎಂದು ನಿಮಗೆ ಸಂಶಯ. ಬೈಂದೂರಿನ ಕಡೆ ಬೋಟಿನಲ್ಲಿ ಹೋಗುವ ಗೋಪಿ ಬೆಳಿಗ್ಗೆಯೇ ಶುರು ಮಾಡುತ್ತಿದ್ದ: ‘ಹ್ವಾಯ್, ನಿನ್ನೆ ಮದಿ ಮನೆಗ್ ಹೋದವ್ರ್ ಯಾರ್ ಯಾರ್ ಹೋಳ್ಗಿ ತಿಂದ್ರಿ? ಸತ್ಯ ಹೇಳಿ ಕಾಂಬ.’

‘ನಾ ಅರ್ಧವೇ ತಿಂದದ್ ಮಾರಾಯ.’

‘ಅರ್ಧ ಅಂದ್ರೆ ಎಷ್ಟರಲ್ಲ್ ಅರ್ಧ? ಒಂದ್ರಲ್ಲಾ, ನಾಲ್ಕ್ರಲ್ಲಾ?’

ನಗು. ನಗುವಿನ ಹಿಂದೆಯೇ ಯಾರೋ ಒಬ್ಬರು, ತನಗೂ ಕಾಲು ಜೋಮು ಹಿಡಿಯುತ್ತಿದೆ, ಚಪ್ಪಲಿ ಜಾರಿ ಹೋದದ್ದೂ ಗೊತ್ತಾಗಲಿಲ್ಲ ಎಂದು ಮೆಲ್ಲಗೆ ಹೇಳುತ್ತಿದ್ದರು. ಒಡನೆ ಬ್ರಹ್ಮಾವರದ ಸ್ವಾತಿ ಟೀಚರು, ಅವರಿಗೂ ಸಕ್ಕರೆ, ‘ಇವತ್ತೇ ಹೋಗಿ ಕಾಲು ತೋರಿಸಿ, ನಾಳೆ ಅಲ್ಲ’ ಎಂದು ಗದರಿಸುತ್ತಿದ್ದರು. ಗದರಿಸಿಕೊಂಡವರು ಹೋಗುತ್ತಿದ್ದರು. ಮನೆಯವರು ಹೇಳಿದರೆ ಹೋಗದವರು ಅಲ್ಲಿ ಹೇಳಿದರೆ ಹೋಗುತ್ತಿದ್ದರು. ಮನೆಯವರಿಗೆ ಸಕ್ಕರೆ ಇಲ್ಲವಲ್ಲ, ಅವರ ಮಾತಿಗೆ ಎಲ್ಲಿಯ ಬೆಲೆ?

ಇದೇ ಗೋಪಿ ಹಿಂದೊಮ್ಮೆ ಇನ್ಸುಲಿನ್ ಬಾಟಲಿಯನ್ನು ಬೋಟಿನ ಐಸಿನೊಳಗೆ ಹೂತಿಟ್ಟು ಕಲ್ಲು ಮಾಡಿಕೊಂಡಿದ್ದ. ಕರಗಿಸಿ ಚುಚ್ಚಿಕೊಂಡರೆ ಸಕ್ಕರೆ ಇಳಿಯಲೇ ಇಲ್ಲ. ಅದನ್ನು ಅವನೇ ಗುಂಪಿನಲ್ಲಿ ಹೇಳಿದ. ‘ಇನ್ಸುಲಿನ್ ಎಂತ ಅಂಜಲ ಮೀನಾ ಮಾರಾಯ, ಐಸಲ್ ಇಡೂಕೆ?’ ಎಂದು ಎಲ್ಲರೂ ಬಿದ್ದು ಬಿದ್ದು ನಕ್ಕರು. ನಕ್ಕವರಿಗೆಲ್ಲ ಜನ್ಮಕ್ಕೂ ಮರೆಯದ ಪಾಠ ಆಯಿತು: ಒಮ್ಮೆ ಕಲ್ಲಾದ ಇನ್ಸುಲಿನ್ ಮತ್ತೆ ಕರಗಿದರೂ ಕೆಲಸಕ್ಕೆ ಬಾರದು. ಕಮಲ ಆಗ ಗುಂಪಿನಲ್ಲಿ ಇರಲಿಲ್ಲ. ಅವಳಿಗೆ ಚುಚ್ಚುವ ಮದ್ದು ಶುರುವಾದದ್ದೇ ಆಮೇಲೆ.

ನೀವು ಬಂದಿರಿ. ಗುಂಪನ್ನು ಹೊಗಳಿದಿರಿ. ಇನ್ನು ಇದು ಅಧಿಕೃತ ಎಂದಿರಿ. ದಿವ್ಯಾಳಿಗೆ ಶಾಲು ಹೊದೆಸಿ, ಅವಳ ಕೈಯಿಂದ ಗುಂಪನ್ನು ಬಿಡಿಸಿಕೊಂಡಿರಿ. ಅಷ್ಟರಲ್ಲಿ ವಂಡ್ಸೆ ಕಡೆಯವರೊಬ್ಬರ ಪ್ರಕರಣ ಆಯಿತು. ಯಾರೋ ಒಬ್ಬ ಯಾವುದೋ ತೊಗಟೆಯ ಕಷಾಯ ಕುಡಿದರೆ ಮಾತ್ರೆಯೇ ಬೇಡ ಎಂದು ಗುಂಪಿನಲ್ಲಿ ದನಿ ಕಳಿಸಿದ್ದ. ಅವರು ನಂಬಿ ಮಾತ್ರೆ ಬಿಟ್ಟು ಆಸ್ಪತ್ರೆ ಸೇರಿದರು. ಇದು ಸುಳ್ಳಲ್ಲ, ನಾನು ಮುಚ್ಚಿಡುವುದೂ ಇಲ್ಲ. ತಪ್ಪು ಮಾತು ನಮ್ಮ ಗುಂಪಿನಲ್ಲಿಯೇ ಹುಟ್ಟಿತು. ಆದರೆ ಆ ದನಿ ಬಂದ ಕೂಡಲೇ ಸ್ವಾತಿ ಟೀಚರು ಅವನ ಜಾತಕ ಜಾಲಾಡಿದ್ದರು. ಅದನ್ನು ಕೇಳಿ ಎಷ್ಟು ಜನ ಕಷಾಯದ ಪಾತ್ರೆ ಒಲೆಯಿಂದ ಇಳಿಸಿದರು ಎಂಬುದನ್ನು ನಿಮ್ಮ ಕಚೇರಿ ಕೇಳಿತೇ? ನೀವು ದನಿ ನಿಲ್ಲಿಸಿದಿರಿ. ಕಷಾಯದವನು ನಿಲ್ಲಿಸಿದನೇ? ಈಗ ಮನೆಮನೆಗೆ ಫೋನು ಮಾಡುತ್ತಾನೆ. ಗುಂಪಿನಲ್ಲಿ ಆಡಿದ ಸುಳ್ಳನ್ನು ಹತ್ತು ಬಾಯಿ ಹಿಡಿದು ಜಗ್ಗುತ್ತವೆ. ಕಿವಿಯಲ್ಲಿ ಊದಿದ ಸುಳ್ಳನ್ನು ಯಾರು ಜಗ್ಗಬೇಕು? ಮಾರ್ಕೆಟ್ಟಿನಲ್ಲಿ ಒಬ್ಬಳು ಹಳಸಿದ ಮೀನು ಮಾರಿದರೆ ಪಕ್ಕದವಳು ಕೂಗಿ ಹೇಳುತ್ತಾಳೆ. ಅದಕ್ಕೆಂದು ಮಾರ್ಕೆಟ್ಟಿನವರೆಲ್ಲರ ಬಾಯಿಗೆ ಬಟ್ಟೆ ಕಟ್ಟಿದರೆ ಲಾಭ ಯಾರಿಗೆ ಸ್ವಾಮಿ?

ನಮ್ಮ ದನಿ ಹೋದ ಜಾಗಕ್ಕೆ ನಿಮ್ಮ ಪೋಸ್ಟರು ಬಂದವು. ಶುಭಾಶಯ ಬಂತು. ನೀವು ಸಸಿ ನೆಡುವ ಫೋಟೋ ಬಂತು. ಒಂದು ದಿನ ‘ಇನ್ಸುಲಿನ್ ಅನ್ನು ಶೀತಲ ವಾತಾವರಣದಲ್ಲಿ ಸಂರಕ್ಷಿಸತಕ್ಕದ್ದು’ ಎಂಬುದೂ ಬಂತು. ಬಾಟಲಿಯ ಸುತ್ತ ಬಿಳಿ ಬಿಳಿ ಮಂಜಿನ ಚಿತ್ರ. ಕಮಲ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅಕ್ಷರ ಬಿಟ್ಟಳು, ಚಿತ್ರ ಓದಿದಳು. ಮಧ್ಯಾಹ್ನದ ಮದ್ದನ್ನು ಅವಳು ಕೋಟೇಶ್ವರದ ಮಾರ್ಕೆಟ್ಟಿನಲ್ಲಿ ಕೂತೇ ಚುಚ್ಚಿಕೊಳ್ಳಬೇಕು. ತಂಪಾಗಿಡಬೇಕು ಎಂದರೆ ಮೀನು ಮಾರುವವಳು ಎಲ್ಲಿಡುತ್ತಾಳೆ? ಬಂಗುಡೆಯ ಜೊತೆ, ಉಪ್ಪು ಬೆರೆಸಿದ ಐಸಿನ ಪೆಟ್ಟಿಗೆಯ ತಳದಲ್ಲಿ. ಹುಟ್ಟಿದಾಗಿನಿಂದ ನಮ್ಮ ಹೆಂಗಸರಿಗೆ ಐಸು ಕಮ್ಮಿಯಾಯಿತು ಎಂದು ಬೈದವರಿದ್ದಾರೆ. ಜಾಸ್ತಿಯಾಯಿತು ಎಂದು ಬೈದವರು ಒಬ್ಬರೂ ಇಲ್ಲ.

ಬಾಟಲಿ ಕಲ್ಲಾಯಿತು. ಅವಳಿಗೆ ಸಂಶಯ ಬಂತು. ಸಂಶಯ ಬಂದದ್ದೇ ಅವಳ ಬುದ್ಧಿ, ಇದನ್ನು ಗಮನಿಸಿ. ನಾನು ಮೊಮ್ಮಗಳ ಬಾಣಂತನಕ್ಕೆಂದು ಸಾಲಿಗ್ರಾಮದಲ್ಲಿದ್ದೆ. ಅವಳು ಮೊದಲಿನ ಅಭ್ಯಾಸದಂತೆ ಗುಂಪಿನಲ್ಲಿ ಹೆಬ್ಬೆರಳು ಒತ್ತಿ ಕೇಳಿದಳು: ‘ಅಕ್ಕಂದಿರೇ, ನಂದ್ ಚುಚ್ಚು ಮದ್ದ್ ಐಸಲ್ ಕಲ್ಲಾಯ್ತ್. ಬಿಸ್ಲಿಗ್ ಇಟ್ಟ್ ಕರಗ್ಸಿದೆ. ಚುಚ್ಚೂಕ್ ಅಡ್ಡಿಲ್ಯಾ?’

ಗೋಪಿ ಇದ್ದ, ಸ್ವಾತಿ ಟೀಚರಿದ್ದರು, ದಿವ್ಯಾ ಇದ್ದಳು. ಯಾರಾದರೂ ಒಬ್ಬರು ಕೇಳಿದ್ದರೂ ‘ಬ್ಯಾಡ ಹೆಣೆ, ಬಿಸಾಡ್’ ಎನ್ನುತ್ತಿದ್ದರು. ಅವರ ಕಿವಿಗೆ ಬೀಳುವ ಮೊದಲೇ ನಿಮ್ಮವರು ಅದನ್ನು ಅಳಿಸಿದರು. ಅಳಿಸಿ, ‘ನಿಯಮ ಉಲ್ಲಂಘನೆಯಾಗಿರುತ್ತದೆ, ಪ್ರಶ್ನೆಗಳನ್ನು ಲಿಖಿತ ರೂಪದಲ್ಲಿ ಸಲ್ಲಿಸುವುದು’ ಎಂದು ಬರೆದು, ಕೆಳಗೆ ಕೈ ಮುಗಿದ ಚಿತ್ರ ಹಾಕಿದರು. ಎಂತಹ ವಿನಯ! ಓದಲು ಬಾರದವಳಿಗೆ, ಓದಲು ಬಾರದ್ದಕ್ಕೆ ಶಿಕ್ಷೆ, ಅದೂ ಬರವಣಿಗೆಯಲ್ಲಿ.

ಆಮೇಲೆ ಆಸ್ಪತ್ರೆಯಲ್ಲಿ ನಾನು ಕೇಳಿದೆ, ‘ಉತ್ತರ ಬರ್ಲಿಲ್ಲ ಅಂದ್ರೆ ಎಂತಕ್ಕೆ ಚುಚ್ಚಿದೆ?’

‘ಬಂದಿತ್ತಲೆ ಅತ್ಗೆ,’ ಅಂದಳು. ‘ದೊಡ್ಡವ್ರೇ ಬರ್ದ್ ಕೈ ಮುಗ್ದಿದ್ರ್. ಕೈ ಮುಗ್ದ್ರ್ ಅಂದ್ರೆ ಅಡ್ಡಿಲ್ಲ ಅಂದೇ ಅಲ್ದಾ?’

ಕರಗಿಸಿದ್ದನ್ನೇ ಚುಚ್ಚಿಕೊಳ್ಳುತ್ತಾ ಹೋದಳು. ಸಕ್ಕರೆ ಏರುತ್ತಾ ಹೋಯಿತು. ಮಾರ್ಕೆಟ್ಟಿನಲ್ಲಿ ಕಾಲಿಗೆ ಮೀನಿನ ಮುಳ್ಳು ಹೊಕ್ಕಿತು. ಜೋಮು ಹಿಡಿದ ಕಾಲು, ನೋವೇ ಇಲ್ಲ. ಗಾಯ ಕಂಡಾಗ ಮತ್ತೊಮ್ಮೆ ಗುಂಪಿನಲ್ಲಿ ದನಿ ಕಳಿಸಿದಳು. ಈ ಸಲ ನಿಮ್ಮವರು ಅವಳನ್ನೇ ಗುಂಪಿನಿಂದ ಹೊರಗೆ ಹಾಕಿದರು. ತನ್ನಿಂದ ಏನೋ ದೊಡ್ಡ ತಪ್ಪಾಗಿದೆ, ಸರಕಾರಿ ಗುಂಪಿನಿಂದ ಹೊರ ಹಾಕಿಸಿಕೊಂಡೆ ಎಂಬ ನಾಚಿಕೆಯಲ್ಲಿ ಅವಳು ಮನೆಯಲ್ಲಿ ಬಾಯಿ ಬಿಡಲಿಲ್ಲ. ಗಾಯಕ್ಕೆ ಅರಿಸಿನ ಮೆತ್ತಿ ಬಟ್ಟೆ ಸುತ್ತಿಕೊಂಡಳು. ನಾನು ಸಾಲಿಗ್ರಾಮದಿಂದ ಬಂದು ಅವಳ ಜಗಲಿ ಹತ್ತಿದಾಗ ವಾಸನೆ ಬಂತು. ಮೀನಿನ ವಾಸನೆ ನನಗೆ ಗೊತ್ತು ಮಾನ್ಯರೇ, ಇದು ಮೀನಿನದಲ್ಲ.

ಬೆರಳು ತೆಗೆದ ಮೇಲೆ ನಿಮ್ಮ ಕಚೇರಿಗೆ ಬಂದೆ. ನೀವು ಸಭೆಯಲ್ಲಿದ್ದಿರಂತೆ. ಮೇಜಿನ ಹಿಂದಿದ್ದವರು, ‘ಅಜ್ಜಿ, ಅದನ್ನೆಲ್ಲ ಒಂದು ಅರ್ಜಿ ಬರೆದು ಕೊಡಿ’ ಅಂದರು.

‘ಕಾಲ್ ಬೆರಳ್ ಹೋದವ್ಳಿಗ್ ಬರಿಯೂಕ್ ಬತ್ತಿಲ್ಲ,’ ಅಂದೆ.

‘ನಿಮಗೆ ಬರುತ್ತದಲ್ಲ?’

‘ನಂಗ್ ಬತ್ತ್. ಅದ್ಕೇ ನನ್ ಕಾಲ್ ಇನ್ನೂ ಸಮಾ ಇತ್ತ್.’

ಅವರಿಗೆ ತಮಾಷೆ ಅನ್ನಿಸಿತು. ನಾನು ತಮಾಷೆ ಮಾಡಿದ್ದಲ್ಲ. ಕಮಲಳಿಗೂ ನನಗೂ ಒಂದೇ ಕಾಯಿಲೆ, ಒಂದೇ ಮಾರ್ಕೆಟ್ಟು, ಒಂದೇ ಗಂಜಿ. ನನಗೆ ಮೂರನೇ ಕ್ಲಾಸಿನವರೆಗಿನ ಅಕ್ಷರ ಇದೆ, ಅವಳಿಗೆ ಇಲ್ಲ. ನಿಮ್ಮ ನಿಯಮ ಬಂದ ಮೇಲೆ ವ್ಯತ್ಯಾಸ ಅಷ್ಟೇ. ಕಾಲು ಉಳಿಸಿಕೊಳ್ಳಲು ಎಷ್ಟನೇ ಕ್ಲಾಸು ಪಾಸಾಗಿರಬೇಕು ಎಂದು ನೀವೇ ಒಂದು ಸುತ್ತೋಲೆ ಹೊರಡಿಸಿಬಿಡಿ. ನಾವು ಮುದುಕಿಯರು ಹೋಗಿ ಒಂದನೇ ಕ್ಲಾಸಿಗೆ ಸೇರುತ್ತೇವೆ.

ಬೆರಳು ಹೋದದ್ದು ಹೋಯಿತು. ಈಗಿನ ಭಯ ಬೇರೆ. ಮನೆಗೆ ಬಂದ ಮೇಲೆ ಕಮಲ ಇನ್ಸುಲಿನ್ ಮುಟ್ಟುತ್ತಿಲ್ಲ. ಹೊಸ ಬಾಟಲಿ ತಂದಿಟ್ಟಿದ್ದೇವೆ. ಗೋಡೆಯ ಕಡೆ ತಿರುಗಿ ಮಲಗುತ್ತಾಳೆ. ‘ಅದ್ ಬರೀ ನೀರ್ ಅತ್ಗೆ. ಅಷ್ಟ್ ದಿನ ಚುಚ್ಚಿ ಎಂತ ಆಯ್ತ್? ಬೆರಳ್ ಹೋಯ್ತ್’ ಅನ್ನುತ್ತಾಳೆ. ಸಕ್ಕರೆ ಇಳಿಯದೆ ಗಾಯ ಒಣಗದು, ಒಣಗದಿದ್ದರೆ ಪಾದವನ್ನೇ ತೆಗೆಯಬೇಕಾದೀತು ಎಂದು ಡಾಕ್ಟರು ಬಿಡಿಸಿ ಹೇಳಿದ್ದಾರೆ. ಅವಳು ತಲೆ ಆಡಿಸುತ್ತಾಳೆ, ಚುಚ್ಚಿಕೊಳ್ಳುವುದಿಲ್ಲ. ನಾನು ಬೈದೆ. ನನ್ನ ತಮ್ಮ ಅತ್ತ. ಒಂದೊಂದು ದಿನ ಹಿಡಿದು ಚುಚ್ಚುತ್ತೇವೆ. ಮನುಷ್ಯರನ್ನು ಎಷ್ಟು ದಿನ ಹಿಡಿಯುವುದು?

ಗೋಪಿಯಿಂದ ಫೋನು ಮಾಡಿಸಬಾರದಿತ್ತೇ ಎಂದು ನೀವು ಕೇಳಬಹುದು. ಮಾಡಿಸಿದೆ. ಅವನು ತನ್ನ ಬಾಟಲಿಯ ಕತೆಯನ್ನೆಲ್ಲ ಹೇಳಿದ. ಇವಳು ಹೂಂಗುಟ್ಟಿ ಫೋನಿಟ್ಟು, ‘ನೀವ್ ಹೇಳ್ಕೊಟ್ಟ್ ಹೇಳ್ಸಿದ್ದ್’ ಅಂದಳು. ತನಗೆಂದೇ ಹೇಳಿದ ಬುದ್ಧಿಮಾತನ್ನು ಯಾರು ನಂಬುತ್ತಾರೆ? ಬೇರೆಯವರು ಬೇರೆಯವರ ಹತ್ತಿರ ಆಡಿದ್ದು ಕಿವಿಗೆ ಬಿದ್ದರೆ ಅದು ಒಳಗೆ ಇಳಿಯುತ್ತದೆ. ಒಬ್ಬಳು ಇವತ್ತು ಸಕ್ಕರೆ ಇಳಿಯಿತು ಎನ್ನುತ್ತಾಳೆ, ಇನ್ನೊಬ್ಬ ಸೂಜಿಗೆ ಹೆದರಿ ಬೆವತೆ ಎನ್ನುತ್ತಾನೆ. ಅದನ್ನು ಕೇಳುತ್ತಾ ಕೇಳುತ್ತಾ ಕಮಲಳಂಥವಳು ತನ್ನಷ್ಟಕ್ಕೆ ಸೂಜಿ ಎತ್ತಿಕೊಳ್ಳುತ್ತಾಳೆ. ಮೊದಲ ಸಲ ಎತ್ತಿಕೊಂಡದ್ದೂ ಹಾಗೆಯೇ. ಡಾಕ್ಟರ ಚೀಟಿ ಒಂದು ಮಳೆಗಾಲ ಪೂರ್ತಿ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಗುಂಪಿಗೆ ಸೇರಿ ನಾಲ್ಕು ಜನರ ಮಾತು ಕೇಳಿದ ಮೇಲೆ ಅವಳೇ ಮೆಡಿಕಲ್ಲಿಗೆ ಹೋದಳು.

ಬೇರೆ ಗುಂಪು ಮಾಡಿಕೊಳ್ಳಿ ಎನ್ನುತ್ತೀರೋ? ಅದಕ್ಕೂ ನೀವೇ ಬೀಗ ಹಾಕಿದ್ದೀರಿ. ಅನಧಿಕೃತ ಗುಂಪು ನಡೆಸಿದರೆ ಕ್ರಮ ಜರುಗಿಸಲಾಗುವುದು ಎಂದು ಬರೆದಿದ್ದೀರಿ. ದಿವ್ಯಾಳನ್ನು ಕೇಳಿದೆ. ‘ಅಜ್ಜಿ, ನನ್ ಕೆಲ್ಸ ಹೋದ್ರೆ ಎಂತ ಮಾಡೂದ್?’ ಅಂದಳು. ಅವಳ ಹೆದರಿಕೆ ನ್ಯಾಯವಾದದ್ದು. ಹಾಗಾಗಿ ಬೀಗ ತೆಗೆಯಬೇಕಾದವರು ನೀವೇ.

ನಮ್ಮ ದನಿ ನಮಗೆ ವಾಪಸು ಕೊಡಿ. ತಪ್ಪು ಮಾತು ಬಂದೀತು ಎಂಬ ಭಯವಿದ್ದರೆ ನಿಮ್ಮ ಒಬ್ಬ ನರ್ಸಮ್ಮನನ್ನು ಅಲ್ಲಿ ಕೂರಿಸಿ. ಕೇಳಲಿ, ತಪ್ಪಿದ್ದರೆ ಎಲ್ಲರೆದುರು ಬೈಯಲಿ, ನಮಗೆ ಬೈಸಿಕೊಂಡು ಅಭ್ಯಾಸವಿದೆ. ಅದಾಗದಿದ್ದರೆ ಗುಂಪನ್ನು ದಿವ್ಯಾಳ ಕೈಗೆ ಮರಳಿಸಿ, ಅವಳ ಮೇಲೆ ಯಾವ ಕ್ರಮವೂ ಇಲ್ಲವೆಂದು ಸಹಿ ಹಾಕಿ ಕೊಡಿ. ಎರಡರಲ್ಲಿ ಯಾವುದು ಮಾಡಿದರೂ ಕಮಲಳನ್ನು ಮೊದಲು ಒಳಗೆ ಸೇರಿಸಿ.

ಮುಂದಿನ ತಿಂಗಳು ಹುಟ್ಟುವ ಮೊದಲು ನನಗೆ ಉತ್ತರ ಬೇಕು. ಲಕೋಟೆಯಲ್ಲಿ ಹಾಕಿ ನನಗೆ ಕಳಿಸಬೇಡಿ, ನಾನು ಓದಿ ಏನು ಪ್ರಯೋಜನ? ಗುಂಪಿನಲ್ಲಿ ಹೆಬ್ಬೆರಳು ಒತ್ತಿ ಹಿಡಿದು, ನಿಮ್ಮ ಬಾಯಿಂದಲೇ ಹೇಳಿ. ಕಲ್ಲಾದ ಮದ್ದು ಚುಚ್ಚಬಾರದಿತ್ತು, ಹೊಸದನ್ನು ಚುಚ್ಚಿಕೋ ಕಮಲ ಎಂದು. ಅವಳ ಪ್ರಶ್ನೆಯನ್ನು ಅಳಿಸಿದವರು ನೀವೇ. ಉತ್ತರ ಇನ್ನೂ ಬಾಕಿಯಿದೆ.

ಇಂತಿ,
ಬರೆಯಲು ಬರುತ್ತದೆಂಬ ಒಂದೇ ಕಾರಣಕ್ಕೆ ಇನ್ನೂ ಎರಡು ಕಾಲಿನ ಮೇಲೆ ನಿಂತಿರುವ
ನಾಗು, ಬೀಜಾಡಿ